ಬಿಸಿಲು ಕುಡಿದ ಗಡಿಯಾರ

“ಬಿಡು ಭಾಮಾ, ಕೈ ಬಿಡು! ಹುಣಸಿಹಣ್ಣು ಹಚ್ಚಬ್ಯಾಡ!”

ಪವಮಾನರಾಯ ಕೂಗುತ್ತ ಹಿತ್ತಲಿಗೆ ಬಂದು ತಲುಪುವಷ್ಟರಲ್ಲಿ ಗಡಿಯಾರ ಮಿಂದಾಗಿತ್ತು. ಬಟ್ಟೆ ಒಗೆಯುವ ಬಂಡೆಯ ಮೇಲೆ ಈಳಿಗೆ, ಸುತ್ತಿಗೆ, ಕತ್ತರಿ, ಸೈಕಲ್ ಪಂಪು ಸಾಲಾಗಿ ಕೂತಿದ್ದವು. ಸಾಲಿನ ಕೊನೆಗೆ, ದೊಡ್ಡವರ ಪಂಕ್ತಿಯಲ್ಲಿ ಜಾಗ ಸಿಕ್ಕ ಸಣ್ಣವನ ಹಾಗೆ, ಆ ಕೈಗಡಿಯಾರ. ಅದರ ಗಾಜಿನ ಮೇಲೆ ಅರಿಶಿನ, ಅರಿಶಿನದ ಮೇಲೆ ಕುಂಕುಮ, ಕುಂಕುಮದ ಮೇಲೆ ಚೆಂಡುಹೂವಿನ ಒಂದು ಎಸಳು.

“ನವರಾತ್ರಿ ಖಂಡೆ ಪೂಜಿ ಅದ ಇವತ್ತು,” ಎಂದಳು ಹೆಂಡತಿ ಭಾಮಾ. “ಮನ್ಯಾಗಿನ ಹತಾರ ಎಲ್ಲಾ ತೊಳದೀನಿ. ಇಷ್ಟು ವರ್ಷ ಅದು ಟ್ರಂಕಿನ್ಯಾಗ ಬಿದ್ದಿತ್ತು. ಈ ಸಲ ಹೊರಗ ಬಂದದ, ಅದಕ್ಕೂ ಪೂಜಿ ಆಗ್ಲಿ ಅಂದೆ.”

“ಅದು ಹತಾರ ಅಲ್ಲ, ಗಡಿಯಾರ!”

“ಎರಡಕ್ಕೂ ಏನ್ ಫರಕ? ಎರಡೂ ನಿಮ್ಗ ಬಳಸ್ಲಿಕ್ಕ ಬರೂದಿಲ್ಲ.”

ಪವಮಾನರಾಯ ಗಡಿಯಾರವನ್ನು ಎತ್ತಿ ಬೆಳಕಿಗೆ ಹಿಡಿದ. ಅದರ ಗಾಜು ಮೊದಲೇ ಸಡಿಲ. ಹುಣಸೆ ರಸ, ಅರಿಶಿನದ ನೀರು, ಕುಂಕುಮ ಮೂರೂ ಕೂಡಿ ಒಳಗೆ ಇಳಿದು, ಬೆಳ್ಳಗಿದ್ದ ಮುಖದ ತುಂಬ ಹರಡುತ್ತಿದ್ದವು. ಅಂಚಿನಲ್ಲಿ ಹಳದಿ, ನಡುವೆ ಕಿತ್ತಳೆ, ಆರರ ಅಂಕಿಯ ಹತ್ತಿರ ಕಡುಕೆಂಪು. ಮುಳ್ಳುಗಳು ನಿಂತಿದ್ದವು. ಅವನು ಚಾವಿ ತಿರುವಿದ, ಕಿವಿಗೆ ಹಿಡಿದ, ಮತ್ತೆ ತಿರುವಿದ.

ಒಂದು ಗಡಿಯಾರಕ್ಕಾಗಿ ಚಿತ್ತಾಪುರದ ತಹಸೀಲು ಕಚೇರಿಯ ಟಪಾಲು ಗುಮಾಸ್ತನೊಬ್ಬ ಇಷ್ಟು ಕಂಗೆಡಬೇಕೇ ಎಂದು ಕೇಳುವವರು ವಾಡಿಯ ಚಾವಿ ಬಳಗವನ್ನು ಕಂಡವರಲ್ಲ. ಆಗ ಎರಡು ಸಾವಿರದ ಇಸವಿ ದಾಟಿತ್ತು. ಎಲ್ಲರ ಕೈಯಲ್ಲೂ ಬ್ಯಾಟರಿ ಗಡಿಯಾರ. ಚಾವಿ ಕೊಡುವ ಹಳೆಯ ಗಡಿಯಾರಗಳು ಟ್ರಂಕು, ಅಕ್ಕಿಡಬ್ಬಿ, ಸತ್ತವರ ಕೋಟಿನ ಕಿಸೆ ಸೇರಿದ್ದವು. ಒಂದು ವಸ್ತು ಯಾರಿಗೂ ಬೇಡವಾದ ದಿನವೇ ಅದರ ಮೇಲೆ ಪ್ರೀತಿ ಹುಟ್ಟುವ ಜನ ಎಲ್ಲ ಊರಲ್ಲೂ ಇರುತ್ತಾರೆ. ವಾಡಿಯಲ್ಲಿ ಅವರು ಪ್ರತಿ ಭಾನುವಾರ ಸ್ಟೇಷನ್ ರಸ್ತೆಯ ಚಾಂದಬೀಯ ಗಡಿಯಾರ ರಿಪೇರಿ ಅಂಗಡಿಯ ಮುಂದೆ, ಫರ್ಶಿ ಕಲ್ಲಿನ ಕಟ್ಟೆಯ ಮೇಲೆ ಸೇರುತ್ತಿದ್ದರು. ನಿವೃತ್ತ ರೈಲ್ವೆ ಗಾರ್ಡ್ ಮಡಿವಾಳಯ್ಯ ಅವರ ಹಿರಿಯ. ತಾನು ನಿವೃತ್ತನಾದ ಮೇಲೆ ಭಾರತದಲ್ಲಿ ಒಂದು ಗಾಡಿಯೂ ಸರಿಯಾದ ಹೊತ್ತಿಗೆ ಬಿಟ್ಟಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಬಳಗಕ್ಕೆ ಎರಡೇ ಕಟ್ಟಳೆ. ರೊಕ್ಕದ ಮಾತಿಲ್ಲ, ಗಡಿಯಾರಕ್ಕೆ ಗಡಿಯಾರ ಅದಲುಬದಲು ಮಾತ್ರ. ಮತ್ತು, ಹಳೆಯದನ್ನು ಯಾರೂ ತಿಕ್ಕಿ ಹೊಳೆಯಿಸಬಾರದು.

ಇದರಲ್ಲಿ ಎರಡನೆಯ ಕಟ್ಟಳೆಯನ್ನು ಭಾಮಾ ಹುಣಸೆಹಣ್ಣು ಹಚ್ಚಿ ತೊಳೆದಿದ್ದಳು.

ಮೊದಲನೆಯ ಕಟ್ಟಳೆಯಲ್ಲಿ ಪವಮಾನರಾಯನ ಜೀವ ಇತ್ತು. ಶಹಾಬಾದಿನ ಲಕ್ಷ್ಮಿಕಾಂತ, ಫರ್ಶಿ ಪಾಲಿಶ್ ಕಾರ್ಖಾನೆಯವನು, ಒಮ್ಮೆ ಕಟ್ಟೆಯ ಮೇಲೆ ಒಂದು ಡಬ್ಬಿ ತೆರೆದಿದ್ದ. ಒಳಗೆ ಬಂಗಾರದ ಬಣ್ಣದ ಗಡಿಯಾರ. ತಾರೀಖು ತೋರಿಸುವಂಥದ್ದು, ಬಂಗಾರದ್ದೇ ಪಟ್ಟಿ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಸುಲಿದಿರಲಿಲ್ಲ. ಲಕ್ಷ್ಮಿಕಾಂತನ ಮದುವೆಗೆಂದು ಅವನ ತಂದೆ ಹೈದರಾಬಾದಿನಿಂದ ತಂದಿದ್ದ. ಅದನ್ನು ನೋಡಿದೊಡನೆ ಪವಮಾನರಾಯನಿಗೆ ತನ್ನ ಮದುವೆಯಲ್ಲಿ ಕಳುವಾದ ಮಾಲು ಸಿಕ್ಕಂತಾಯಿತು.

ಅವನ ಮದುವೆಯ ಕಥೆ ಭಾಮಾಳ ತವರು ಸೇಡಮ್ಮಿನಲ್ಲಿ ಈಗಲೂ ಎಲ್ಲರಿಗೂ ಬಾಯಿಪಾಠ. ವರೋಪಚಾರದಲ್ಲಿ ಇಂಥದ್ದೇ ಗಡಿಯಾರ ಬರುತ್ತದೆಂದು ಅವನ ಸೋದರತ್ತೆ ಅವನ ಕಿವಿಯಲ್ಲಿ ಊದಿದ್ದಳು. ಬಂದದ್ದು ಪಂಚೆ, ಉಂಗುರ, ಬೆಳ್ಳಿ ಲೋಟ. ಕಾಶಿಯಾತ್ರೆಯ ಶಾಸ್ತ್ರ ನಡೆಯಿತು. ವರ ಕೊಡೆ, ಕೋಲು, ಗಂಟು ಹಿಡಿದು ಸನ್ಯಾಸಕ್ಕೆ ಹೊರಟ ಹಾಗೆ ನಾಲ್ಕು ಹೆಜ್ಜೆ ಇಡುವುದು, ಹೆಣ್ಣಿನ ತಂದೆ ಹಿಂದೆ ಹೋಗಿ ಮಗಳನ್ನು ಕೊಡುತ್ತೇನೆಂದು ಕರೆತರುವುದು, ಅಷ್ಟೇ. ಆದರೆ ಪವಮಾನರಾಯ ಮಂಟಪ ದಾಟಿದ, ಗಲ್ಲಿ ದಾಟಿದ, ಬಾಜಾ ಬಜಂತ್ರಿಯವರು ಬಾರಿಸುತ್ತ ಹಿಂದೆ ಬಂದು ಸುಸ್ತಾಗಿ ನಿಂತರೂ ಅವನು ನಿಲ್ಲಲಿಲ್ಲ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಚಿತ್ತಾಪುರದ ಬಸ್ಸಿನ ಪಾವಟಿಗೆಯ ಮೇಲೆ ಒಂದು ಕಾಲಿಟ್ಟ. ಶಾಲಾ ಮಾಸ್ತರರಾಗಿದ್ದ ಮಾವ ವೆಂಕಟೇಶರಾಯರು ಬರಿಗಾಲಲ್ಲಿ ಓಡಿಬಂದು, ಏನೂ ಹೇಳದೆ, ತಮ್ಮ ಕೈಯಲ್ಲಿದ್ದ ಹಳೆಯ ಗಡಿಯಾರವನ್ನು ಬಿಚ್ಚಿ ಅವನ ಮುಂಗೈಗೆ ಕಟ್ಟಿದರು. ಬಸ್ಸಿನವರು ಚಪ್ಪಾಳೆ ಹೊಡೆದರು. ಇದೂ ಶಾಸ್ತ್ರದ್ದೇ ಭಾಗ ಎಂದುಕೊಂಡಿದ್ದರು.

ಹಳೆಯ ಗಡಿಯಾರ ಕಟ್ಟಿ ತನ್ನನ್ನು ಹಾಸ್ಯ ಮಾಡಿದರೆಂದು ಪವಮಾನರಾಯ ಅದನ್ನು ಟ್ರಂಕಿಗೆ ಹಾಕಿದ. ವೆಂಕಟೇಶರಾಯರು ಮತ್ತೆ ಗಡಿಯಾರ ಕಟ್ಟಲಿಲ್ಲ. ಚಿತ್ತಾಪುರಕ್ಕೆ ಬಂದಾಗೆಲ್ಲ, ಕಾಲು ತೊಳೆದು ಕೂತ ಮೇಲೆ, “ಟೈಮ್ ಎಷ್ಟಾತ್ರಿ, ಅಳಿಯಂದ್ರ?” ಎಂದು ಕೇಳುತ್ತಿದ್ದರು. ಅದು ತನಗೆ ಚುಚ್ಚುವ ಮಾತೆಂದು ಅಳಿಯ, “ಗೋಡಿ ಮ್ಯಾಲ ಅದ, ನೋಡ್ರಿ,” ಎನ್ನುತ್ತಿದ್ದ. “ಹಾಂ, ಅದ ಅದ,” ಎನ್ನುತ್ತಿದ್ದರು ಮಾವ. ಇಬ್ಬರ ನಡುವಿನ ಮಾತುಕತೆ ಇಷ್ಟೇ. ಆದರೆ ಇಷ್ಟು ಮಾತ್ರ ಒಂದು ಸಲವೂ ತಪ್ಪಿರಲಿಲ್ಲ.

ಈಗ ಅವನ ಆಸೆ ಒಂದೇ. ಲಕ್ಷ್ಮಿಕಾಂತನ ಬಂಗಾರದ ಗಡಿಯಾರವನ್ನು ಅದಲುಬದಲಿನಲ್ಲಿ ಪಡೆಯಬೇಕು. ಮಾವ ಮುಂದಿನ ಸಲ ಟೈಮ್ ಕೇಳಿದಾಗ ತೋಳು ಮೇಲೆತ್ತಿ, ಬಂಗಾರ ಥಳಥಳಿಸುವಂತೆ ನೋಡಿ, ನಿಧಾನವಾಗಿ ಹೇಳಬೇಕು. ಅದಕ್ಕೆ ಟ್ರಂಕಿನ ಗಡಿಯಾರ ಹೊರಗೆ ಬಂದಿತ್ತು. ಬರೀ ಹಳೆಯದೆಂದರೆ ಸಾಲದೆಂದು, ಗಡಿಯಾರ ತೋರಿಸುವ ಮುಂಚೆಯೇ, ಬಳಗದ ಮುಂದೆ ಒಂದು ಮಾತು ಸೇರಿಸಿಯೂ ಇದ್ದ: “ನಮ್ಮ ಅಜ್ಜನ ಕಾಲದ್ದು. ನಿಜಾಮನ ರೈಲ್ವೆದಾಗ ದೊಡ್ಡ ಹುದ್ದಿ ಇತ್ತು ಅವರಿಗೆ.” ಅವನ ಅಜ್ಜ ಸನ್ನತಿಯ ಹೊಳೆ ದಾಟಿ ಆಚೆ ಹೋಗಿದ್ದವರಲ್ಲ. ರೈಲು ಕಂಡಿದ್ದರೋ ಇಲ್ಲವೋ ಹೇಳುವವರು ಉಳಿದಿರಲಿಲ್ಲ.

ಖಂಡೆ ಪೂಜೆಯ ನಂತರದ ಭಾನುವಾರ ಅವನು ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಹೋದ. ನಿಜ ಹೇಳಿ ಕ್ಷಮೆ ಕೇಳಬೇಕೆಂದೇ ಹೋದ. ಗಡಿಯಾರವನ್ನು ಕರವಸ್ತ್ರದಿಂದ ಬಿಚ್ಚಿ ಕಟ್ಟೆಯ ಮೇಲಿಟ್ಟು, “ಏನಾತಂದ್ರ, ನಮ್ಮ ಮನಿಯಾಕಿ...” ಎಂದು ಶುರು ಮಾಡಿದ.

“ಶ್!” ಎಂದ ಮಡಿವಾಳಯ್ಯ.

ಅವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಗ್ಗಿದ. ಒಂದು ಗೂಡ್ಸ್ ಗಾಡಿ ಪೂರ್ತಿ ಹೋಗುವವರೆಗೆ ಬಗ್ಗಿಯೇ ಇದ್ದ. ಎದ್ದಾಗ ಅವನ ಕಣ್ಣು ಒದ್ದೆಯಾಗಿತ್ತು.

“ಇದು ಬಣ್ಣ ಅಲ್ಲ. ಇದು ಬಿಸಿಲು,” ಎಂದ. “ಡಯಲ್ ಬಿಸಿಲು ಕುಡದದ. ವರ್ಷಾನುಗಟ್ಟಲೆ ಕುಡದ್ರ ಸೂರ್ಯ ಹಿಂಗ ಒಳಗ ಕುಂದರ್ತಾನ. ಕೇಳಿದ್ದೆ, ಕಂಡಿರಲಿಲ್ಲ.”

“ಅದಲ್ರಿ, ಖಂಡೆ ಪೂಜಿಗೆ...”

“ಪೂಜಿ ಮಾಡೋ ವಸ್ತೂನ ಇದು! ಸ್ವಿಟ್ಜರ್ಲೆಂಡಿನವ್ರು ಗಡಿಯಾರ ಮಾಡಬಹುದು. ಈ ಬಿಸಿಲು ಮಾಡ್ಲಿಕ್ಕ ಬರ್ತದೇನು ಅವರಪ್ಪನ್ಗ? ಇದು ನಮ್ಮ ಬಿಸಿಲು. ವಾಡಿ, ಶಹಾಬಾದ, ಚಿತ್ತಾಪುರದ ಬಿಸಿಲು!”

ಕಟ್ಟೆಯ ಮೇಲಿದ್ದವರೆಲ್ಲ ಎದೆ ಉಬ್ಬಿಸಿದರು. ಈ ಬಿಸಿಲನ್ನು ಹುಟ್ಟಿದಾಗಿನಿಂದ ಬಯ್ಯುತ್ತ ಬಂದವರು ಅವರು; ಅದನ್ನು ಮೊದಲ ಸಲ ಯಾರೋ ಹೊಗಳಿದ್ದರು. ಇಂಥ ಹೊತ್ತಿನಲ್ಲಿ ನಡುವೆ ಬಾಯಿ ಹಾಕುವುದು ಸಭ್ಯತೆ ಅಲ್ಲ ಎಂದು ಪವಮಾನರಾಯನಿಗೆ ತೋರಿತು. ಸುಳ್ಳು ಹೇಳುವುದಕ್ಕೂ ನಿಜ ಹೇಳದೆ ಇರುವುದಕ್ಕೂ ನಡುವೆ ಒಂದು ಬಯಲಿದೆ. ಲೋಕದ ಬಹುತೇಕ ಗೃಹಸ್ಥರು ಅಲ್ಲಿಯೇ ಚಾಪೆ ಹಾಸಿಕೊಂಡಿರುತ್ತಾರೆ. ಪವಮಾನರಾಯನೂ ಹಾಸಿದ.

ಚಾಂದಬೀ ಗಡಿಯಾರದ ಹಿಂದಿನ ಮುಚ್ಚಳ ತೆಗೆದು ನೋಡಿದಳು. ಅಪ್ಪನ ಅಂಗಡಿ ಅವನಿಗಿಂತ ಜೋರಾಗಿ ನಡೆಸುತ್ತಿದ್ದ ಹೆಂಗಸು. ನಾಲಿಗೆ, ಚಿಮಟ ಎರಡೂ ಚೂಪು. “ಒಳಗ ತೇವ ಅದಲ್ಲ, ರಾಯರ?” ಎಂದು ಪವಮಾನರಾಯನ ಮುಖ ನೋಡಿದಳು.

“ಬೆವರು,” ಎಂದ ಮಡಿವಾಳಯ್ಯ, ಕೈ ಮುಗಿದು. “ಅಜ್ಜನ ಬೆವರು.”

“ಆಯ್ತು, ಅಜ್ಜನ ಬೆವರು,” ಎಂದಳು ಚಾಂದಬೀ. “ಒರಸಿ ಎಣ್ಣಿ ಹಾಕಿ ಕೊಡ್ತೀನಿ. ಮುಖ ಮುಟ್ಟೂದಿಲ್ಲ.” ಅವಳು ನಕ್ಕಳೋ ಕೆಮ್ಮಿದಳೋ ಪವಮಾನರಾಯನಿಗೆ ತಿಳಿಯಲಿಲ್ಲ.

ಗಡಿಯಾರ ನಡೆಯತೊಡಗಿತು. ಅದರ ಕೀರ್ತಿ ಇನ್ನೂ ಜೋರಾಗಿ ನಡೆಯಿತು. ಕಾಳಗಿಯಿಂದ, ಚಿಂಚೋಳಿಯಿಂದ ಜನ ಚಿತ್ತಾಪುರಕ್ಕೆ ಬಂದು ನೋಡಿದರು. ತಹಸೀಲ್ದಾರರು ಕಡತ ಬದಿಗಿಟ್ಟು ನೋಡಿದರು. ಮೊದಲ ಸಲ ಅವನನ್ನು “ಪವಮಾನರಾವ್” ಎಂದು ಕರೆದರು, ಅದಕ್ಕೂ ಮುಂಚೆ “ಏಯ್ ಟಪಾಲು” ಆಗಿತ್ತು. ಪಕ್ಕದ ಮನೆಯ ವಿಮಲಾಬಾಯಿ ಮಾತ್ರ ಕನ್ನಡಕ ಏರಿಸಿ, “ಇದು ಕುಂಕುಮದ ಬಣ್ಣ ಅದ ಅಲ್ಲ?” ಎಂದಳು.

“ಬಿಸಿಲ್ರಿ, ವಿಮಲಾಬಾಯಿ. ಬಿಸಿಲು.”

“ನನ್ನ ಹಣಿ ಮ್ಯಾಲೂ ಇದ ಬಿಸಿಲು ಹತ್ತೇದ, ನೋಡ್ರಿ.”

ಇಷ್ಟಾದರೂ ಲಕ್ಷ್ಮಿಕಾಂತ ಬಂಗಾರದ ಗಡಿಯಾರದ ಡಬ್ಬಿ ಬಿಡಲಿಲ್ಲ. ಅವನು ವ್ಯಾಪಾರಿ. ಬಿಸಿಲು ಎಲ್ಲರಿಗೂ ಪುಕ್ಕಟೆ ಬೀಳುವಾಗ ಅದಕ್ಕೆ ಬದಲಿ ಏಕೆ ಕೊಡಬೇಕು? ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಇಡೀ ಬಳಗ ಮಡಿವಾಳಯ್ಯನ ಮಾಳಿಗೆಯ ಮೇಲೆ ತಮ್ಮ ತಮ್ಮ ಗಡಿಯಾರ ಒಣಗಲು ಹಾಕಿತು. ಒಂದು ಚಾಪೆಯ ಮೇಲೆ ಮಡಿವಾಳಯ್ಯನ ಹೆಂಡತಿ ಶರಣಬಸಮ್ಮನ ಸಂಡಿಗೆ, ಇನ್ನೊಂದರ ಮೇಲೆ ಗಡಿಯಾರ. ಮಂಗವೊಂದು ಬಂದು ಎರಡನ್ನೂ ಮೂಸಿ ನೋಡಿ, ಸಂಡಿಗೆ ಒಯ್ದು ಗಡಿಯಾರ ಬಿಟ್ಟುಹೋಯಿತು.

“ನಿಮಗಿಂತ ಮಂಗ್ಯಾಗ ಅಕಲ್ ಅದ,” ಎಂದಳು ಶರಣಬಸಮ್ಮ.

ಯಾರೋ ಪೊಲೀಸರಿಗೆ ಸುದ್ದಿ ಮುಟ್ಟಿಸಿದರು. ಹವಾಲ್ದಾರ ಹಣಮಪ್ಪ ಏಣಿ ಏರಿ ಬಂದ.

“ಕಳುವಿನ ಮಾಲು ಮುಚ್ಚಿಡೂದು ಕಂಡೀನಿ. ಒಣಗ ಹಾಕೂದು ನನ್ನ ಸರ್ವಿಸಿನ್ಯಾಗ ಇದ ಮೊದಲ,” ಎಂದ. “ಇದಕ್ಕ ಯಾವ ಕಲಂ ಹಚ್ಚಬೇಕು?”

ಮಡಿವಾಳಯ್ಯ ಅವನನ್ನು ಕೊಡೆಯ ಕೆಳಗೆ ಕೂಡಿಸಿ ಬಿಸಿಲು, ಡಯಲ್, ಅಜ್ಜನ ಬೆವರು ಎಲ್ಲ ವಿವರಿಸಿದ. ಹಣಮಪ್ಪ ಗಂಭೀರನಾಗಿ ಕೇಳಿದ. ಆಮೇಲೆ ಆಚೀಚೆ ನೋಡಿ, ತನ್ನ ಕೈಯ ಗಡಿಯಾರ ಬಿಚ್ಚಿ ಚಾಪೆಯ ತುದಿಯಲ್ಲಿಟ್ಟ.

“ಇದು ನಮ್ಮ ಮಾವ ಕೊಟ್ಟಿದ್ದು. ಕೆಂಪಾಗ್ತದೇನ್ರಿ?”

ಕೆಂಪಾಗಲಿಲ್ಲ. ಚರ್ಮದ ಪಟ್ಟಿಗಳು ಕರಿದ ಹಪ್ಪಳದ ಹಾಗೆ ಮುರುಟಿದವು. ಎಣ್ಣೆ ಒಣಗಿ ಎಲ್ಲ ಗಡಿಯಾರಗಳೂ ನಿಂತವು. ಬಳಗದವರು ಸಾಲುಹಚ್ಚಿ ಚಾಂದಬೀಯ ಅಂಗಡಿಗೆ ಬಂದರು. ಆ ಬೇಸಿಗೆ ಅವಳು ಅಂಗಡಿಗೆ ಹೊಸ ಫ್ಯಾನು ಹಾಕಿಸಿದಳು. ಮಡಿವಾಳಯ್ಯನ ನಂಬಿಕೆ ಮಾತ್ರ ಅಲ್ಲಾಡಲಿಲ್ಲ. “ಈಗಿನ ಬಿಸಿಲಿನ್ಯಾಗ ಕಸುವಿಲ್ಲ,” ಎಂದ. ಲಕ್ಷ್ಮಿಕಾಂತ ಸೋತ. ಮುಂದಿನ ಭಾನುವಾರ ಡಬ್ಬಿ ತೆಗೆದುಕೊಂಡು ಚಿತ್ತಾಪುರಕ್ಕೇ ಬರುತ್ತೇನೆಂದು ಮಾತು ಕೊಟ್ಟ.

ಅದೇ ಭಾನುವಾರ, ಯಾರೂ ಕರೆಯದೆ, ವೆಂಕಟೇಶರಾಯರೂ ಸೇಡಮ್ಮಿನಿಂದ ಬಂದರು. ಕೈಯಲ್ಲಿ ಕೊಡೆ, ಊರುಗೋಲು, ಮಗಳಿಗೆಂದು ತಂದ ಉಪ್ಪಿನಕಾಯಿಯ ಗಂಟು. ಕಾಲು ತೊಳೆದು ಮೂಲೆಯ ಚಾಪೆಯ ಮೇಲೆ ಕೂರುವಷ್ಟರಲ್ಲಿ ಲಕ್ಷ್ಮಿಕಾಂತ, ಮಡಿವಾಳಯ್ಯ, ಚಾಂದಬೀ ಮೂವರೂ ಬಂದಿಳಿದರು. ಹೀಗಾಗಿ ಮಾವನ ಎಂದಿನ ಪ್ರಶ್ನೆಗೆ ಅವಕಾಶವೇ ಆಗಲಿಲ್ಲ.

ಗಡಿಯಾರ ಹಾಲ್‌ನ ನಡುವೆ ಪೀಠದ ಮೇಲೆ ಬಂತು. ಪರಿಚಯ ಮಾಡಿಕೊಡುವ ಹುರುಪಿನಲ್ಲಿ ಮಡಿವಾಳಯ್ಯ ಮೂಲೆಗೆ ತಿರುಗಿ, “ನೋಡ್ರಿ ಹಿರ್ಯಾರ, ಇವರ ಅಜ್ಜ ಕಟ್ಟಿದ್ದ ಗಡಿಯಾರ ಇದು. ನಿಜಾಮನ ರೈಲ್ವೆದಾಗ ಭಾಳ ದೊಡ್ಡ ಮನುಷ್ಯಾ ಅಂತ. ಅವರ ಬೆವರು ಇನ್ನಾ ಒಳಗ ಅದ!” ಎಂದ.

ಚಹಾ ತರುತ್ತಿದ್ದ ಭಾಮಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಪವಮಾನರಾಯ ನೆಲದ ಫರ್ಶಿಯ ಗೆರೆಗಳನ್ನು ಓದತೊಡಗಿದ. ವೆಂಕಟೇಶರಾಯರು ಗಡಿಯಾರವನ್ನು ಒಂದು ಗಳಿಗೆ ನೋಡಿದರು, ಆಮೇಲೆ ಅಳಿಯನನ್ನು.

“ಹೌದ್ರಿ,” ಎಂದರು. “ನಾನೂ ಕೇಳೀನಿ. ಅವರ ಅಜ್ಜ ಭಾಳ ದೊಡ್ಡ ಮನುಷ್ಯಾ.”

ಲಕ್ಷ್ಮಿಕಾಂತ ಡಬ್ಬಿ ತೆರೆದ. ಬಂಗಾರ ಗೋಡೆಯ ಮೇಲೆಲ್ಲ ಬಿಸಿಲು ಚೆಲ್ಲಿತು. ಪವಮಾನರಾಯ ಕೈ ಚಾಚಿದ. ಆಗ ಭಾಮಾ ಚಹಾದ ತಟ್ಟೆ ನೆಲಕ್ಕಿಟ್ಟು ಹೊರಗೆ ಬಂದಳು.

“ಬೆವರೂ ಅಲ್ಲ, ಬಿಸಿಲೂ ಅಲ್ಲ,” ಎಂದಳು. “ಅದು ಕುಂಕುಮ. ಖಂಡೆ ಪೂಜಿ ದಿನ ನಾನ ಹಚ್ಚೀನಿ. ಹುಣಸಿಹಣ್ಣು ಹಾಕಿ ತಿಕ್ಕೀನಿ. ಇನ್ನ ಅಜ್ಜನ ಸುದ್ದಿ ಅಂತೂ, ಅದು ಯಾರ ಕೈಯಾಗಿನದು ಅಂತ ಈ ಮನ್ಯಾಗ ಕುಂತವರಿಗೆ ಗೊತ್ತದ.”

ಲಕ್ಷ್ಮಿಕಾಂತ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡ.

“ತಂಗಿ, ನೀ ತಪ್ಪು ತಿಳದಿ,” ಎಂದ ಮಡಿವಾಳಯ್ಯ ಕರುಣೆಯಿಂದ. “ಹಚ್ಚಿರಬಹುದು. ಆದ್ರ ಇದು ಅದಲ್ಲ. ಇದು ಬಿಸಿಲು.”

ಚಾಂದಬೀ ಕಡ್ಡಿಗೆ ಹತ್ತಿ ಸುತ್ತಿ, ಗಾಜು ಎತ್ತಿ, ಅಂಚಿನಲ್ಲಿ ಒಂದು ಸಲ ಒರೆಸಿ ತೋರಿಸಿದಳು. ಹತ್ತಿ ಕೆಂಪಗಿತ್ತು.

“ನಿನಗ ಮೊದಲ ಗೊತ್ತಿತ್ತೇನು?” ಎಂದು ಲಕ್ಷ್ಮಿಕಾಂತ ಚೀರಿದ.

“ಮೂಗಿನ್ಯಾಗ ಅರಿಶಿನದ ವಾಸನಿ ಬಡೀತು, ಗೊತ್ತಾಗೂದಿಲ್ಲಾ?”

“ಮತ್ತ ಹೇಳ್ಲಿಲ್ಲ?”

“ಕೇಳಿದ್ರೇನು ನೀವು? ಎಲ್ಲಾರೂ ಹೇಳ್ಲಿಕ್ಕತ್ತಿದ್ರಿ. ಕೇಳಿದವ್ರು ಯಾರು?”

ಮಡಿವಾಳಯ್ಯ ಹತ್ತಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. “ಬಿಸಿಲು ಒರಸಿದ್ರೂ ಬರ್ತದ,” ಎಂದು ಮೆಲ್ಲಗೆ, ತನಗೆ ತಾನೇ ಹೇಳಿಕೊಂಡ.

ಆಗ ಮೂಲೆಯಿಂದ ವೆಂಕಟೇಶರಾಯರ ದನಿ ಬಂತು. “ಟೈಮ್ ಎಷ್ಟಾತ್ರಿ, ಅಳಿಯಂದ್ರ?”

ಮಡಿವಾಳಯ್ಯನ ಎರಡೂ ಮುಂಗೈಗಳಲ್ಲಿ ಗಡಿಯಾರ ಇದ್ದವು, ಲಕ್ಷ್ಮಿಕಾಂತನ ಕಿಸೆಯಲ್ಲಿ ಇದ್ದವು, ಚಾಂದಬೀಯ ಚೀಲದಲ್ಲಿ ಇದ್ದವು, ಪೀಠದ ಮೇಲೂ ಒಂದಿತ್ತು. ಜಿಲ್ಲೆಯ ಅತ್ಯುತ್ತಮ ಗಡಿಯಾರಗಳೆಲ್ಲ ಸೇರಿದ್ದ ಆ ಕೋಣೆಯಲ್ಲಿ ಒಬ್ಬ ಮುದುಕನಿಗೆ ಹೊತ್ತು ಹೇಳುವವರಿರಲಿಲ್ಲ. ಎಲ್ಲರೂ ಜಗಳದಲ್ಲಿದ್ದರು. ವೆಂಕಟೇಶರಾಯರು ಸ್ವಲ್ಪ ಕಾದರು. ಆಮೇಲೆ ಬಾಗಿಲ ನೆರಳು ಎಲ್ಲಿಗೆ ಬಂದಿದೆಯೆಂದು ನೋಡಿ, ಕೊಡೆ, ಕೋಲು, ಬರಿದಾದ ಗಂಟಿನ ಬಟ್ಟೆ ಎತ್ತಿಕೊಂಡು, ಸೇಡಂ ಬಸ್ಸಿಗೆ ಹೊತ್ತಾಯಿತೆಂದು ಮಗಳಿಗಷ್ಟೇ ಹೇಳಿ ಹೊರಟರು.

“ಏ, ಕುಂಕುಮಾದ್ರೂ ನಡೀತದ!” ಎಂದು ಲಕ್ಷ್ಮಿಕಾಂತ ತೊಡೆ ತಟ್ಟಿದ. ಅವನಲ್ಲಿನ ವ್ಯಾಪಾರಿ ಎದ್ದಿದ್ದ. “ಇಡೀ ಜಿಲ್ಲಾದಾಗ ಕುಂಕುಮ ಕುಡದ ಗಡಿಯಾರ ಬ್ಯಾರೆ ಎಲ್ಲದ? ತಗೋರಿ ರಾಯರ, ಬಂಗಾರದ್ದು ನಿಮಗ. ಕಟ್ಕೋರಿ.”

ಅವನೇ ಕಟ್ಟಿದ. ಪಟ್ಟಿ ಸರಿಯಾಗಿ ಕೂತಿತು. ಇಷ್ಟು ವರ್ಷ ಎಲ್ಲಿಯೋ ಇದ್ದರೂ ಆ ಮುಂಗೈಯ ಅಳತೆಯನ್ನು ನೆನಪಿಟ್ಟುಕೊಂಡಿತ್ತು ಎನ್ನುವ ಹಾಗೆ. ಪವಮಾನರಾಯ ಅಂದುಕೊಂಡಿದ್ದಂತೆಯೇ ತೋಳು ಮೇಲೆತ್ತಿ, ಥಳಥಳಿಸುವಂತೆ ನೋಡಿ, ನಿಧಾನವಾಗಿ, “ಈಗ ಟೈಮ್...” ಎಂದು ಮೂಲೆಗೆ ತಿರುಗಿದ.

ಚಾಪೆ ಖಾಲಿ ಇತ್ತು.

ಅವನು ಬಂಗಾರದ ಗಡಿಯಾರ ಬಿಚ್ಚಿ ಡಬ್ಬಿಗೆ ಹಾಕಿದ. ಪೀಠದ ಮೇಲಿನದನ್ನು ಎತ್ತಿಕೊಂಡ. ಚಪ್ಪಲಿ ಹುಡುಕಲಿಲ್ಲ.

ಚಿತ್ತಾಪುರದ ರಸ್ತೆ ಕಾದ ಹಂಚಾಗಿತ್ತು. ಮುಂದೆ ಕೊಡೆ, ಕೋಲು, ಗಂಟು ಹಿಡಿದು ಹಿಂದೆ ನೋಡದೆ ನಡೆಯುತ್ತಿರುವ ಮಾವ. ಹಿಂದೆ ಪಂಚೆ ಎತ್ತಿಕಟ್ಟಿ ಬರಿಗಾಲಲ್ಲಿ ಕುಣಿಯುತ್ತ ಓಡುತ್ತಿರುವ ಅಳಿಯ. ವಿಮಲಾಬಾಯಿ ಹೊಸ್ತಿಲಿಗೆ ಬಂದು ಕನ್ನಡಕ ಏರಿಸಿದಳು.

“ಭಾಮಾ, ಇದು ಯಾರ ಕಾಶಿಯಾತ್ರಿಯೇ?”

“ಈ ಸಲ ನಮ್ಮಪ್ಪಂದು,” ಎಂದಳು ಭಾಮಾ.

ಬಸ್‌ಸ್ಟ್ಯಾಂಡಿನ ಬೇವಿನ ನೆರಳಿನಲ್ಲಿ ಪವಮಾನರಾಯ ಮಾವನನ್ನು ಹಿಡಿದ. ಸೇಡಂ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ವೆಂಕಟೇಶರಾಯರ ಒಂದು ಕಾಲು ಪಾವಟಿಗೆಯ ಮೇಲಿತ್ತು.

“ಮಾವನೋರೆ, ನಿಂದ್ರಿ. ಕೈ ಕೊಡ್ರಿ ಇಲ್ಲಿ.”

“ಯಾಕ್ರಿ?”

“ಕಟ್ತೀನಿ. ನಿಮ್ಮದು ನಿಮ್ಮ ಕೈಗೇ ಇರ್ಲಿ.”

ವೆಂಕಟೇಶರಾಯರು ಕಾಲು ಕೆಳಗಿಳಿಸಿದರು. ಅಳಿಯನ ಅಂಗೈಯಲ್ಲಿದ್ದ ಗಡಿಯಾರವನ್ನು ಬಗ್ಗಿ ನೋಡಿದರು. ಅಂಚಿನಲ್ಲಿ ಚಾಂದಬೀ ಒರೆಸಿದ ಜಾಗದಲ್ಲಿ ಹಳೆಯ ಬಿಳುಪು ಕಾಣುತ್ತಿತ್ತು.

“ಭಾಮಾ ಕುಂಕುಮ ಛಂದ ಹಚ್ಚ್ಯಾಳ,” ಎಂದರು. ಕೈ ಮಾತ್ರ ಚಾಚಲಿಲ್ಲ. “ಇದು ನನ್ನ ಕೈಯಾಗ ಇದ್ರ, ಬಂದಾಗ ನಿಮಗ ಏನ್ ಕೇಳ್ಲಿ ನಾನು?”

ಕಂಡಕ್ಟರು ಸೀಟಿ ಊದಿದ. ಬಸ್ಸಿನ ಕಿಟಕಿಗಳಲ್ಲಿ ಮುಖಗಳು ತುಂಬಿದ್ದವು.

“ಬ್ಯಾರೆ ಏನಾರ ಕೇಳ್ರಿ,” ಎಂದ ಪವಮಾನರಾಯ. ಸುಡುವ ನೆಲದ ಮೇಲೆ ಅವನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುತ್ತಿದ್ದ. “ಕೇಳ್ರಿ, ಹೇಳ್ತೀನಿ. ಇದನ್ನ ಮಾತ್ರ ತಗೋರಿ.”

ವೆಂಕಟೇಶರಾಯರು ಕೊಡೆಯನ್ನು ಬಲಗೈಯಿಂದ ಎಡಗೈಗೆ, ಗಡಿಯಾರ ಕಟ್ಟುವ ಕೈಗೆ, ಬದಲಿಸಿ ಗಟ್ಟಿಯಾಗಿ ಹಿಡಿದುಕೊಂಡರು.

“ಒಲ್ಲೆ,” ಎಂದರು.